ಎರಡು ಅನಾಥಾಶ್ರಮಗಳ ಸಾಹಿತ್ಯ

ಕ್ರೈಸ್ತ ಮಿಶನ್ನಿನವರು ನಮ್ಮ ದೇಶದ ಹಳ್ಳಿಗಳಲ್ಲಿ ನಡೆಯಿಸಿದ ಅನಾಥಾಶ್ರಮಗಳನ್ನು ಕುರಿತು ಬೆಳೆದಿರುವ ಬರವಣಿಗೆಯು ಅಲ್ಪವಾದುದಲ್ಲ. ವರ್ಷ ವರ್ಷದ ವರದಿಗಳು, ದೂರದೇಶದ ಉಪಕಾರಿಗಳಿಗೆ ಬರೆದ ಓಲೆಗಳು, ಆತ್ಮಕಥೆಗಳು, ಚಿತ್ರಸಹಿತವಾದ ಪುಸ್ತಕಗಳು ಇವೆಲ್ಲವೂ ಕೂಡಿ ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವೇ ಆಗಿದೆಯೆನ್ನಬಹುದು. ಆದರೆ ಅದನ್ನು ಸಾಹಿತ್ಯವೆಂದು ಓದಿದವರು ವಿರಳ. ಆ ಮತದ ಭಕ್ತರು ಅದನ್ನು ಪುಣ್ಯಕಥೆಯೆಂದು ಕಣ್ಣಿಗೊತ್ತಿಕೊಳ್ಳುವರು. ವಿರೋಧಿಗಳು ಮತಾಂತರದ ಲೆಕ್ಕದ ಪುಸ್ತಕವೆಂದು ದೂರವಿಡುವರು. ಪುಟ ತಿರುವುವ ಮೊದಲೇ ಇಬ್ಬರ ತೀರ್ಪೂ ಸಿದ್ಧವಾಗಿರುತ್ತದೆ. ಬರೆದವರಿಗೆ ಮಗುವನ್ನು ನೋಡುವ ಕಣ್ಣು ಇತ್ತೇ, ಆ ಮಗುವಿನ ಮಾತು ಪುಟದಲ್ಲಿ ಕೇಳಿಸುವುದೇ, ಎಂದು ಇಬ್ಬರೂ ಕೇಳುವುದಿಲ್ಲ. ಈ ಒಂದು ಪ್ರಶ್ನೆಯನ್ನೇ ಹಿಡಿದು ಇಬ್ಬರು ಲೇಖಕಿಯರ ಗ್ರಂಥಗಳನ್ನು ಇಲ್ಲಿ ಪರಾಮರ್ಶಿಸಲು ಯತ್ನಿಸುವೆವು.

ಅವರಲ್ಲಿ ಒಬ್ಬರು, ಪುಣೆ ಜಿಲ್ಲೆಯ ಕೇಡಗಾಂವವೆಂಬ ಹಳ್ಳಿಯಲ್ಲಿ ಮುಕ್ತಿ ಮಿಶನ್ನನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು (೧೮೫೮–೧೯೨೨). ಇನ್ನೊಬ್ಬರು, ಐರ್ಲೆಂಡಿನಲ್ಲಿ ಹುಟ್ಟಿ, ೧೮೯೫ರಲ್ಲಿ ಬೆಂಗಳೂರಿಗೆ ಬಂದು, ಅನಂತರ ತಿರುನೆಲ್ವೇಲಿ ಸೀಮೆಗೆ ಹೋಗಿ, ಅಲ್ಲಿಯ ಡೋನಾವೂರಿನಲ್ಲಿಯೇ ನೆಲಸಿ ದೇಹಬಿಟ್ಟ ಏಮಿ ಕಾರ್ಮೈಕೆಲ್ ಎಂಬ ಮಹಿಳೆ (೧೮೬೭–೧೯೫೧). ಇಬ್ಬರೂ ಸಮಕಾಲೀನರು. ಇಬ್ಬರ ಬಾಗಿಲಿಗೂ ಕಷ್ಟಕ್ಕೊಳಗಾದ ಮಕ್ಕಳು ಹೆಚ್ಚುಕಡಮೆ ಒಂದೇ ಕಾಲದಲ್ಲಿ ಬಂದರು. ಬ್ರಿಸ್ಟಲ್ ನಗರದ ಜಾರ್ಜ್ ಮುಲ್ಲರನು ಅನಾಥಾಲಯವನ್ನು ನಡೆಯಿಸಿದ ರೀತಿಯು ಇಬ್ಬರಿಗೂ ಆದರ್ಶ. ಯಾರ ಮುಂದೆಯೂ ಕೈಚಾಚದೆ ಪ್ರಾರ್ಥನೆಯೊಂದನ್ನೇ ನಂಬಿರಬೇಕೆಂಬುದು ಇಬ್ಬರ ನಿಯಮ. ಇಷ್ಟು ಸಾಮ್ಯವಿದ್ದರೂ ಅವರ ಪುಸ್ತಕಗಳನ್ನು ಒಂದರ ಮಗ್ಗುಲಲ್ಲಿ ಇನ್ನೊಂದನ್ನಿಟ್ಟು ಓದಿದರೆ ಎರಡು ಬೇರೆ ಬೇರೆ ಲೋಕಗಳೇ ಕಾಣುವುವು.

ರಮಾಬಾಯಿಯವರ ವಿಷಯದಲ್ಲಿ ನಮಗೆ ಇನ್ನೊಂದು ಬಾಧ್ಯತೆಯೂ ಉಂಟು. ಅವರ ಮನೆಮಾತು ಮರಾಠಿ. ಬಾಳಿ ಕೆಲಸಮಾಡಿದ್ದು ಮಹಾರಾಷ್ಟ್ರದಲ್ಲಿ. ಆದರೂ ಅವರು ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಪಂಡಿತಸಮಾಜದ ಆಕ್ಷೇಪಕ್ಕೆ ಗುರಿಯಾಗಿ, ಕಾಡಿನಲ್ಲಿ ಮನೆ ಕಟ್ಟಿಕೊಂಡವರು. ಆರು ತಿಂಗಳ ಕೂಸು ರಮೆಯನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದ ಮೇಲಿನಿಂದ ಕೆಳಗಿಳಿಸಿಕೊಂಡು ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ತುಂಗಭದ್ರೆಯರ ಮೂಲವನ್ನು ಹಾಡಿ ಹೊಗಳುವ ನಾವು, ಆ ಮೂಲದಲ್ಲಿ ಹುಟ್ಟಿದ ಈ ವಿದುಷಿಯ ಬರಹವನ್ನು ಎಷ್ಟು ಓದಿದ್ದೇವೆಂಬುದು ವಾಚಕರು ತಮ್ಮಷ್ಟಕ್ಕೆ ಕೇಳಿಕೊಳ್ಳತಕ್ಕ ಮಾತು.

ಮೊದಲು ಈ ಪ್ರಕಾರದ ಕಟ್ಟಳೆಯನ್ನು ತಿಳಿಯಬೇಕು. ಮಿಶನ್ನಿನ ಪುಸ್ತಕವನ್ನು ಓದುವವನು ಹಳ್ಳಿಯಲ್ಲಿಲ್ಲ. ಕಡಲಾಚೆಯ ಊರಿನಲ್ಲಿ ಬೆಚ್ಚಗಿನ ಕೋಣೆಯಲ್ಲಿ ಕುಳಿತಿದ್ದಾನೆ. ಅವನ ಕರುಣೆಯೇ ಆಶ್ರಮದ ಮುಂದಿನ ತಿಂಗಳ ಅಕ್ಕಿ, ಬೇಳೆ. ಕೈಚಾಚುವುದಿಲ್ಲವೆಂಬ ವ್ರತವಿದ್ದರೇನು? ಲೇಖಕಿಯು ಬೇಡದಿದ್ದರೂ ಪುಸ್ತಕವು ಬೇಡುತ್ತದೆ. ಆದುದರಿಂದ ಕಥೆಯು ಒಂದೇ ಅಚ್ಚಿನಲ್ಲಿ ನಡೆಯಬೇಕಾಗುವುದು: ಮೊದಲು ಕತ್ತಲೆ, ಆಮೇಲೆ ಬಾಗಿಲು, ಆಮೇಲೆ ಬೆಳಕು. ಮಗುವು ಕತ್ತಲೆಯಿಂದ ಬರುತ್ತದೆ, ಬಾಗಿಲಲ್ಲಿ ಅಳುತ್ತದೆ, ಬೆಳಕಿನಲ್ಲಿ ನಗುತ್ತದೆ. ಈ ಅಚ್ಚಿನಲ್ಲಿ ಹೊಯ್ದ ಮೇಲೆ ಒಂದು ಮಗುವಿಗೂ ಇನ್ನೊಂದಕ್ಕೂ ಭೇದವೆಲ್ಲಿ? ತನ್ನ ಊರು, ತನ್ನ ತಾಯಿ, ತನ್ನ ಹಟ, ತನ್ನ ಕಳ್ಳತನ, ತನ್ನ ಸುಳ್ಳು ಇವುಗಳನ್ನು ಕಟ್ಟಿಕೊಂಡು ಬರುವ ಮಗುವು ಈ ಅಚ್ಚಿಗೆ ಹೊಂದುವುದಿಲ್ಲ. ನೊಂದ ಮಗುವೆಂದರೆ ಸಾಮಾನ್ಯವಾಗಿ ಇಂತಹ ಮಗುವೇ. ಹಸಿದು ಬಂದುದು ಅನ್ನವನ್ನು ಬಚ್ಚಿಡುವುದು. ಹೊಡೆಸಿಕೊಂಡು ಬಂದುದು ಹೊಡೆಯುವುದು. ನಂಬಿ ಕೆಟ್ಟುದು ಯಾರನ್ನೂ ನಂಬದು. ಆ ಮಗುವನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಎಷ್ಟು ಕಠಿನವೋ, ಪುಟದೊಳಗೆ ಇಡುವುದೂ ಅಷ್ಟೇ ಕಠಿನ.

ಡೋನಾವೂರಿನ ಬರಹವನ್ನು ಮೊದಲು ನೋಡೋಣ. ಕಾರ್ಮೈಕೆಲರ ಕೀರ್ತಿಗೆ ಕಾರಣವಾದ ಮೊದಲ ಗ್ರಂಥವು ‘ಥಿಂಗ್ಸ್ ಆ್ಯಸ್ ದೇ ಆರ್’, ಎಂದರೆ ‘ಇದ್ದುದು ಇದ್ದಂತೆ’, ೧೯೦೩ರಲ್ಲಿ ಹೊರಬಂದಿತು. ಹೆಸರಿಗೆ ತಕ್ಕಂತೆ ಅದು ಮಿಶನ್ನಿನ ವರದಿಗಳ ಹುಸಿ ಹುರುಪನ್ನು ಒಡೆಯಲು ಬರೆದ ಪುಸ್ತಕ. ಹಳ್ಳಿ ಹಳ್ಳಿ ತಿರುಗಿದರೂ ಕೇಳುವವರಿಲ್ಲ, ಕೇಳಿದವರೂ ಬರುವುದಿಲ್ಲ ಎಂದು ಆಕೆ ಮರೆಯಿಲ್ಲದೆ ಬರೆದರು. ತಾಯ್ನಾಡಿನ ಹಿರಿಯರು ಹಸ್ತಪ್ರತಿಯನ್ನು ನೋಡಿ, ಇದು ಓದುವವರ ಉತ್ಸಾಹವನ್ನು ಕುಗ್ಗಿಸುವುದೆಂದು ಹಿಂದಿರುಗಿಸಿದರಂತೆ. ಮುದ್ರಿತವಾದ ಮೇಲೆ ಅನೇಕರು ನಂಬದೆ ಹೋಗಲು, ಮುಂದಿನ ಮುದ್ರಣದಲ್ಲಿ ಅನ್ಯ ಮಿಶನರಿಗಳ ಸಾಕ್ಷ್ಯಪತ್ರಗಳನ್ನು ಸೇರಿಸಬೇಕಾಯಿತು. ಹಿಂದೂ ಸಮಾಜದ ವಿಷಯದಲ್ಲಿ ಆಕೆಯ ಮಾತು ಅನೇಕ ಕಡೆ ಏಕಪಕ್ಷೀಯವೂ ಕಟುವೂ ಆಗಿದೆ. ಈ ನಾಡಿನ ಭಕ್ತಿ, ಜ್ಞಾನ, ಗೃಹಸೌಖ್ಯಗಳು ಆಕೆಯ ಕಣ್ಣಿಗೆ ಬಿದ್ದೇ ಇಲ್ಲ. ಆದರೂ ತನ್ನವರಿಗೆ ಅಪ್ರಿಯವಾದ ಸತ್ಯವನ್ನು ತನ್ನವರಿಗೇ ಹೇಳಿದ ಧೈರ್ಯವನ್ನು ಮೆಚ್ಚದಿರಲಾಗದು.

ಈ ಸಾಹಿತ್ಯಕ್ಕೆಲ್ಲ ಬೀಜವಾದ ಸಂಗತಿಯು ೧೯೦೧ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ನಡೆಯಿತು. ದೇವಸ್ಥಾನದ ಸೇವೆಗೆ ಒಪ್ಪಿಸಲ್ಪಟ್ಟಿದ್ದ ಏಳು ವರ್ಷದ ಹುಡುಗಿಯೊಬ್ಬಳು ಆ ಮನೆಯಿಂದ ತಪ್ಪಿಸಿಕೊಂಡು ಬಂದು ಕಾರ್ಮೈಕೆಲರನ್ನು ಸೇರಿದಳು. ಗ್ರಂಥಗಳಲ್ಲಿ ಅವಳ ಹೆಸರು ಪ್ರೀಣಾ. ಮೊದಲೊಮ್ಮೆ ಓಡಿ ತಾಯಿಯ ಬಳಿಗೆ ಹೋಗಿದ್ದಾಗ ತಾಯಿಯೇ ಅವಳನ್ನು ಮರಳಿ ಒಪ್ಪಿಸಿದ್ದಳು. ಶಿಕ್ಷೆಯಾಗಿ ಕೈಗಳಿಗೆ ಬರೆ ಹಾಕಿದ್ದರು. ತಾನು ಕಂಡುದನ್ನು, ಕೇಳಿದುದನ್ನು ಆ ಹುಡುಗಿ ಬಾಯಿಬಿಟ್ಟು ಹೇಳಿದಳು. ಅದನ್ನು ಕೇಳಿದ ಮೇಲೆಯೇ ಕಾರ್ಮೈಕೆಲರು ಊರೂರು ಸುತ್ತುವುದನ್ನು ಬಿಟ್ಟು ಇಂತಹ ಮಕ್ಕಳನ್ನು ಹುಡುಕಿ ಸಾಕುವುದಕ್ಕೆ ತಮ್ಮ ಆಯುಷ್ಯವನ್ನು ತೊಡಗಿಸಿದರು. ಆಗಿನ ಕಾಲದಲ್ಲಿ ಇದನ್ನು ತಡೆಯಲು ನೇರವಾದ ಕಾನೂನಿರಲಿಲ್ಲ. ಮದರಾಸು ಪ್ರಾಂತದಲ್ಲಿ ದೇವದಾಸೀ ನಿಷೇಧದ ಶಾಸನವು ೧೯೪೭ರಲ್ಲಿ ಬಂದಿತು, ನಮ್ಮ ಕರ್ನಾಟಕದಲ್ಲಿ ೧೯೮೨ರಲ್ಲಿ. ಹೀಗಿರಲಾಗಿ, ಮಹತ್ತಾದ ಒಂದು ಸಂಸ್ಥೆಯು ಒಂದು ಮಗುವಿನ ಬಾಯಿಮಾತಿನಿಂದ ಹುಟ್ಟಿತೆಂಬುದು ನೆನಪಿನಲ್ಲಿಡತಕ್ಕ ವಿಷಯ.

ವಿಚಿತ್ರವೇನೆಂದರೆ, ಆ ಬಳಿಕದ ಪುಸ್ತಕಗಳಲ್ಲಿ ಮಕ್ಕಳ ಮಾತು ಬರಬರುತ್ತ ತೊದಲಾಗುತ್ತದೆ. ೧೯೦೯ರ ‘ಲೋಟಸ್ ಬಡ್ಸ್’ ಎಂಬ ‘ಕಮಲದ ಮೊಗ್ಗುಗಳು’ ಛಾಯಾಚಿತ್ರಗಳಿಂದ ತುಂಬಿದ ದೊಡ್ಡ ಪುಸ್ತಕ. ಶೈಲಿ ಸೊಗಸಾಗಿದೆ. ಪಶ್ಚಿಮಘಟ್ಟದ ತಪ್ಪಲಿನ ಬೆಳಗು, ಮಳೆಗೆ ಮುಂಚಿನ ಕಾವು, ತೊಟ್ಟಿಲ ಮನೆಯ ಗದ್ದಲ ಇವುಗಳನ್ನು ಬಣ್ಣಿಸುವಲ್ಲಿ ಈ ಲೇಖಕಿಗೆ ಸಹಜವಾದ ಕೌಶಲವಿದೆ. ಶಿಶುಗಳ ಚೇಷ್ಟೆಯನ್ನು ಹೇಳುವಾಗ ನಗೆಯೂ ಉಂಟು. ಮಿಶನ್ನಿನ ಬರವಣಿಗೆಯಲ್ಲಿ ನಗೆಯು ಅಪರೂಪದ ಪದಾರ್ಥವಾದ್ದರಿಂದ ಇದನ್ನು ಗುಣವೆಂದೇ ಎಣಿಸಬೇಕು. ಆದರೆ ಹತ್ತಾರು ಅಧ್ಯಾಯಗಳನ್ನು ಓದುತ್ತಿರುವಂತೆ ಮನಸ್ಸಿಗೆ ಒಂದು ಬಗೆಯ ಬೇಸರ ಹತ್ತುತ್ತದೆ. ಮಕ್ಕಳೆಲ್ಲ ಮೊಗ್ಗುಗಳು, ಮಕ್ಕಳೆಲ್ಲ ರತ್ನಗಳು. ಅವರು ಆಡುವ ಮಾತುಗಳೆಲ್ಲ ಮುದ್ದು ಮಾತುಗಳು. ಪ್ರೀಣೆಯು ತನ್ನ ಬರೆಬಿದ್ದ ಕೈಗಳ ಕಥೆಯನ್ನು ಹೇಳಿದಂತೆ ಹೇಳುವ ಮಗುವು ಇಲ್ಲಿ ಬಲು ಕಡಮೆ. ಹೂವಿಗೆ ಬಾಯಿಯಿಲ್ಲವಷ್ಟೆ? ಮಗುವನ್ನು ಹೂವೆಂದು ಕರೆದ ಕ್ಷಣದಲ್ಲಿಯೇ ಅದರ ಮಾತಿನ ಹಕ್ಕು ಹೋಯಿತು. ಉಪಮಾಲಂಕಾರಕ್ಕೆ ಇಂತಹ ಬೆಲೆಯುಂಟೆಂದು ನಮ್ಮ ಅಲಂಕಾರಶಾಸ್ತ್ರಗಳಲ್ಲಿ ಹೇಳಿದಂತೆ ಕಾಣೆವು, ಹೇಳಬಹುದಾಗಿತ್ತು.

ಇದಕ್ಕೆ ಕಾರಣವಿಲ್ಲದಿಲ್ಲ. ಮಗುವಿನ ಊರು, ತಾಯಿತಂದೆ, ನಿಜವಾದ ಹೆಸರು ಇವುಗಳನ್ನು ಬರೆದರೆ ಬಂಧುಗಳೋ ದೇವಸ್ಥಾನದವರೋ ಬಂದು ಕೇಳುವರು. ೧೯೧೧ರಲ್ಲಿ ಒಂದು ವ್ಯಾಜ್ಯದಲ್ಲಿ ನ್ಯಾಯಾಲಯವು ಹುಡುಗಿಯೊಬ್ಬಳನ್ನು ಅವಳ ತಾಯಿಗೆ ಒಪ್ಪಿಸಬೇಕೆಂದು ಕಾರ್ಮೈಕೆಲರ ವಿರುದ್ಧವಾಗಿಯೇ ತೀರ್ಪು ಕೊಟ್ಟಿತು. ಹುಡುಗಿಯು ಅದಕ್ಕೆ ಮೊದಲೇ ಯಾರಿಗೂ ತಿಳಿಯದಂತೆ ದೇಶಾಂತರಕ್ಕೆ ಸಾಗಿದ್ದಳು. ಇಂತಹ ಭಯದ ನಡುವೆ ಬರೆಯುವವರು ಹೆಸರುಗಳನ್ನು ಮುಚ್ಚುವುದು ವಿವೇಕವೇ ಸರಿ. ಆದರೆ ಹೆಸರನ್ನು ಮುಚ್ಚುವುದು ಬೇರೆ, ಪೂರ್ವವೃತ್ತಾಂತವನ್ನೇ ಒಂದು ಕರಿಯ ತೆರೆಯ ಹಿಂದೆ ನೂಕುವುದು ಬೇರೆ. ಆ ತಾಯಿ ಯಾರು, ಏತಕ್ಕೆ ಮಗಳನ್ನು ಕೊಟ್ಟಳು, ಬಡತನವೋ, ಹರಕೆಯೋ, ಬಲಾತ್ಕಾರವೋ, ಎಂಬುದನ್ನು ಹೆಸರಿಲ್ಲದೆಯೂ ಹೇಳಬಹುದಾಗಿತ್ತು. ಡೋನಾವೂರಿನ ಬಹುಪಾಲು ಪುಸ್ತಕಗಳಲ್ಲಿ ಆ ತಾಯಂದಿರು ಕತ್ತಲೆಯ ಭಾಗವಾಗಿಯೇ ಉಳಿಯುವರು.

ಈ ಮಾತಿಗೆ ದೊಡ್ಡ ಅಪವಾದವೊಂದಿದೆ. ಅದೇ ಕಾರ್ಮೈಕೆಲರ ಉತ್ತಮೋತ್ತಮ ಕೃತಿಯೆಂದು ನಮ್ಮ ಅಭಿಪ್ರಾಯ. ೧೯೨೪ರಲ್ಲಿ ಪ್ರಕಟವಾದ ‘ಮಿಮೋಸಾ’. ಚಿಕ್ಕ ಹುಡುಗಿಯೊಬ್ಬಳು ತಂದೆಯೊಡನೆ ಡೋನಾವೂರಿಗೆ ಬರುತ್ತಾಳೆ. ಅವಳ ಅಕ್ಕನು ಅಲ್ಲಿ ಇದ್ದಾಳೆ. ಒಂದು ಮಧ್ಯಾಹ್ನದ ಹೊತ್ತು ಅಲ್ಲಿಯ ಮಾತುಗಳನ್ನು ಕೇಳುತ್ತಾಳೆ. ತಾನೂ ಇಲ್ಲಿಯೇ ಇರುವೆನೆಂದು ಅತ್ತರೂ ತಂದೆ ಬಿಡದೆ ಕರೆದುಕೊಂಡು ಹೋಗುತ್ತಾನೆ. ಆಮೇಲೆ ಇಪ್ಪತ್ತೆರಡು ವರ್ಷ ಅವಳ ಸುದ್ದಿಯಿಲ್ಲ. ಅಷ್ಟರಲ್ಲಿ ಮದುವೆ, ಗಂಡನ ಮನೆಯ ಸಾಲ, ಒಡವೆಗಳ ಮಾರಾಟ, ಕೂಲಿ, ಹೆರಿಗೆ, ಸಾವು, ನೆರೆಹೊರೆಯವರ ಕೊಂಕು ಎಲ್ಲವೂ ಆಗಿಹೋಗಿವೆ. ಓದಲು ಬಾರದು, ಹೇಳಿಕೊಡುವವರಿಲ್ಲ; ಆ ಒಂದು ಮಧ್ಯಾಹ್ನದ ನೆನಪನ್ನು ಹಿಡಿದುಕೊಂಡು ತನಗೆ ತೋಚಿದಂತೆ ಬಾಳುತ್ತಾಳೆ. ಇಲ್ಲಿ ಮೊಗ್ಗಿಲ್ಲ, ರತ್ನವಿಲ್ಲ. ಸಾಲದ ಲೆಕ್ಕವನ್ನು ಬಲ್ಲ, ಮಕ್ಕಳಿಗೆ ಗಂಜಿ ಕಾಯಿಸಬಲ್ಲ, ಮನಸ್ಸಿಗೆ ಬಾರದುದನ್ನು ಊರೆಲ್ಲ ಎದುರಾದರೂ ಒಲ್ಲೆನೆನ್ನಬಲ್ಲ ಒಬ್ಬ ಹೆಂಗಸು ಇದ್ದಾಳೆ. ಅವಳ ಹಳ್ಳಿಯೂ ಕತ್ತಲೆಯ ಮುದ್ದೆಯಾಗಿ ಉಳಿಯದೆ, ಕೆಟ್ಟವರೂ ಕರುಣೆಯುಳ್ಳವರೂ ಬೆರೆತ ಹಳ್ಳಿಯಾಗಿ ಕಾಣುವುದು. ಡೋನಾವೂರಿನ ಅತ್ಯುತ್ತಮ ಗ್ರಂಥವು ಡೋನಾವೂರಿಗೆ ದಕ್ಕದೆ ಹೋದ ಮಗುವಿನ ಕಥೆಯಾಗಿರುವುದು ಆಕಸ್ಮಿಕವೆಂದು ನಾವು ಭಾವಿಸುವುದಿಲ್ಲ. ಆಶ್ರಮದ ಗೋಡೆಯ ಹೊರಗೆ ಬೆಳೆದವಳಾದ್ದರಿಂದ ಅವಳಿಗೆ ತನ್ನದೇ ಆದ ಕಥೆಯುಳಿಯಿತು. ಹಿಂದಿರುಗಿ ಬಂದಾಗ ಅದನ್ನು ತಾನೇ ಹೇಳಬಲ್ಲವಳಾಗಿದ್ದಳು, ಬರೆಯುವವರು ಕೇಳುವವರಾಗಬೇಕಾಯಿತು.

ಇನ್ನು ರಮಾಬಾಯಿಯವರ ಕಡೆಗೆ ತಿರುಗುವೆವು. ಇವರ ಬರಹಗಳಲ್ಲಿ ಲೋಕಪ್ರಸಿದ್ಧವಾದುದು ೧೮೮೭ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ದಿ ಹೈಕ್ಯಾಸ್ಟ್ ಹಿಂದು ವುಮನ್’. ತಾಯಿ ಲಕ್ಷ್ಮೀಬಾಯಿಯವರ ಸ್ಮರಣೆಗೆ ಅರ್ಪಿತವಾದ ಈ ಪುಸ್ತಕದಿಂದ ಬಂದ ಸಹಾಯದ ಬಲದಿಂದಲೇ ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾಸದನವು ತೆರೆಯಿತು. ಬಾಲ್ಯ, ವಿವಾಹ, ವೈಧವ್ಯ ಎಂದು ವಿಭಾಗಿಸಿ, ಶಾಸ್ತ್ರವಾಕ್ಯಗಳನ್ನೂ ಜನಗಣತಿಯ ಅಂಕೆಗಳನ್ನೂ ಮುಂದಿಟ್ಟು ವಕೀಲರಂತೆ ವಾದಿಸುವ ಗ್ರಂಥವಿದು. ವಾದದಲ್ಲಿ ಶಕ್ತಿಯಿದೆ, ಸತ್ಯವೂ ಬಹಳವಿದೆ. ಆದರೂ ನಮ್ಮ ಪ್ರಶ್ನೆಯನ್ನು ಇಲ್ಲಿಯೂ ಕೇಳಿದರೆ ಉತ್ತರವು ನಿರಾಶೆಯದೇ. ಮಗುವು ಇಲ್ಲಿ ವಾದಕ್ಕೆ ಉದಾಹರಣೆಯಾಗಿ ನಿಲ್ಲುವುದು. ಓದುವವರು ಅಮೆರಿಕದವರೆಂಬುದನ್ನು ಲೇಖಕಿಯು ಒಂದು ಗಳಿಗೆಯೂ ಮರೆತಿಲ್ಲ. (ಈ ಪುಸ್ತಕದ ನಿಮಿತ್ತವಾಗಿ ಆ ದೇಶದಲ್ಲಿ ಹುಟ್ಟಿದ ರಮಾಬಾಯಿ ಸಂಘಗಳಿಗೂ ಸ್ವಾಮಿ ವಿವೇಕಾನಂದರಿಗೂ ನಡೆದ ವಾಗ್ವಾದವು ಪ್ರಸಿದ್ಧವಾಗಿದೆ. ಅದು ಬೇರೊಂದು ಲೇಖನದ ವಿಷಯ.)

ಹತ್ತು ವರ್ಷಗಳ ಮೇಲೆ, ೧೮೯೭ರಲ್ಲಿ, ಅವರು ಕ್ಷಾಮದ ಅನುಭವಗಳನ್ನು ಬರೆದರು. ಆ ಬರಹವನ್ನು ತೆರೆದೊಡನೆಯೇ ಬೇರೊಬ್ಬರ ಕೈ ಕಾಣುವುದು. ಮಧ್ಯಪ್ರಾಂತಗಳಲ್ಲಿ ಭೀಕರವಾದ ಬರಗಾಲವೆಂದು ಕೇಳಿ ರಮಾಬಾಯಿಯವರು ಅಲ್ಲಿಗೆ ಹೊರಟರು. ಹೊರಟ ಕಾರಣವನ್ನು ಅವರೇ ಹೇಳಿದ್ದಾರೆ. ಹಿಂದಿನ ಕ್ಷಾಮದಲ್ಲಿ ತಾವೂ ಹಸಿದು ಅಲೆದ ಮಗುವೇ ಆಗಿದ್ದರು. ಅಲ್ಲಿಂದ ಕಥೆಯು ಹಿಂದಕ್ಕೆ ಸರಿಯುತ್ತದೆ. ಊರೂರಿಗೆ ಪುರಾಣ ಹೇಳುತ್ತ ಯಾತ್ರೆಮಾಡುತ್ತಿದ್ದ ಬ್ರಾಹ್ಮಣ ಕುಟುಂಬ. ಕೂಲಿ ಮಾಡಲು ಕಲಿತಿಲ್ಲ, ಬೇಡಲು ಬಾಯಿ ಬಾರದು. ಇದ್ದ ಹಣ, ಪಾತ್ರೆ, ಬಟ್ಟೆ ಎಲ್ಲವೂ ಕರಗಿದವು. ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣಬಿಡುವುದೆಂದು ನಿಶ್ಚಯವಾಗಲು, ಅಣ್ಣನು ತಾನು ಮಾನವನ್ನು ಬದಿಗಿಟ್ಟು ಕೂಲಿ ಮಾಡಿ ಸಾಕುವೆನೆಂದನು. ೧೮೭೪ರಲ್ಲಿ ತಂದೆ ತೀರಿಕೊಂಡರು, ಅದರ ಬೆನ್ನಿನಲ್ಲಿಯೇ ತಾಯಿ, ಆಮೇಲೆ ಅಕ್ಕ. ಸಾಯುತ್ತಿರುವ ತಾಯಿಗಾಗಿ ಒಂದು ತುಣುಕು ಸಜ್ಜೆಯ ರೊಟ್ಟಿಯನ್ನು ಕೇಳಲು ನೆರೆಯ ಬ್ರಾಹ್ಮಣ ಗೃಹಿಣಿಯ ಬಾಗಿಲಲ್ಲಿ ನಿಂತು, ಮಾತು ಹೊರಡದೆ, ನಾಚಿಕೆಯಿಂದ ಕಣ್ಣೀರಿಟ್ಟ ಪ್ರಸಂಗವನ್ನು ಓದಿದವರು ಮರೆಯಲಾರರು. ಉಳಿದ ಅಣ್ಣತಂಗಿಯರು ಬಡಗಣ ದೇಶದ ಚಳಿಯಲ್ಲಿ ಹೊದೆಯಲಿಲ್ಲದೆ, ನದೀತೀರದಲ್ಲಿ ಗೋರಿಗಳಂತಹ ಎರಡು ಗುಣಿಗಳನ್ನು ತೋಡಿ, ಕುತ್ತಿಗೆಯವರೆಗೆ ಮರಳು ಮುಚ್ಚಿಕೊಂಡು ರಾತ್ರಿ ಕಳೆದರು.

ಇಷ್ಟನ್ನು ಬರೆಯುವಲ್ಲಿ ಅಲಂಕಾರವೊಂದೂ ಇಲ್ಲ. ಬೇಡುವವಳ ನಾಚಿಕೆಯನ್ನು ಬೇಡಿದವಳೇ ಬರೆದಿದ್ದಾಳೆ. ಹಸಿವು ಯಾವ ಕ್ರಮದಲ್ಲಿ ಮನುಷ್ಯನ ಅಭಿಮಾನವನ್ನು ಪದರು ಪದರಾಗಿ ಕಳಚುವುದೆಂಬುದನ್ನು ಒಳಗಿನಿಂದ ಬಲ್ಲವಳು ಬರೆದಿದ್ದಾಳೆ. ಮುಂದೆ ಕ್ಷಾಮದ ಕಾಮಗಾರಿಗಳಲ್ಲಿಯೂ ಬಡವರ ತಂಗುಮನೆಗಳಲ್ಲಿಯೂ ತಾವು ಕಂಡ ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ಈ ಜ್ಞಾನವು ಕೆಲಸಮಾಡುವುದು. ಒಂದು ಹಿಡಿ ಕಾಳಿಗಾಗಿ ಹುಡುಗಿಯರನ್ನು ಕೆಡಿಸುತ್ತಿದ್ದ ಮೇಲ್ವಿಚಾರಕರನ್ನು ಅವರು ಮುಚ್ಚುಮರೆಯಿಲ್ಲದೆ ಖಂಡಿಸಿದರು. ಇದು ಮತದ ಕತ್ತಲೆಯಲ್ಲ. ಸರ್ಕಾರದ ಪರಿಹಾರಕಾರ್ಯದೊಳಗಿನ ಕತ್ತಲೆ. ಅದೇ ವರ್ಷ ಪುಣೆಯ ಪ್ಲೇಗಿನ ಆಸ್ಪತ್ರೆಯಲ್ಲಿ ತಮ್ಮ ಸದನದ ಹುಡುಗಿಗೆ ಒದಗಿದ ಗತಿಯನ್ನು ಕುರಿತೂ ಅವರು ಪತ್ರಿಕೆಗೆ ಬರೆದು ಅಧಿಕಾರಿಗಳನ್ನು ಪ್ರಶ್ನಿಸಿದರು. ಉಪಕಾರಿಗಳ ದೊರೆತನವನ್ನು ಹೀಗೆ ಎದುರಿಸಿದ ಮಿಶನ್ ಬರವಣಿಗೆಯು ಆ ಕಾಲದಲ್ಲಿ ಸುಲಭವಾಗಿ ಸಿಕ್ಕುವಂಥದಲ್ಲ.

ಕೇಡಗಾಂವದ ಕಥೆಯಲ್ಲಿ ಪ್ರಾರ್ಥನೆಯಷ್ಟೇ ನೇಗಿಲಿಗೂ ಸ್ಥಾನವಿದೆ. ಶಾರದಾಸದನಕ್ಕೆ ಆದಾಯವಿರಲೆಂದು ಅಲ್ಲಿ ಹೊಲ ಕೊಂಡು ಹಣ್ಣಿನ ಗಿಡಗಳನ್ನು ನೆಟ್ಟಿದ್ದರು. ಮಧ್ಯಪ್ರಾಂತಗಳಿಂದ ಕರೆತಂದ ಸುಮಾರು ೩೦೦ ಹುಡುಗಿಯರನ್ನು ಪ್ಲೇಗಿನ ನಿಮಿತ್ತ ಪುಣೆಯಲ್ಲಿ ಇರಿಸಿಕೊಳ್ಳಲು ಅನುಮತಿ ದೊರೆಯದೆ ಹೋಗಲು, ಆ ಹೊಲದಲ್ಲಿಯೇ ಚಪ್ಪರಗಳನ್ನು ಹಾಕಿ ಇಳಿಸಬೇಕಾಯಿತು. ಹೀಗೆ ಮುಕ್ತಿಯು ಹುಟ್ಟಿತು. ೧೯೦೦ರ ಗುಜರಾತಿನ ಕ್ಷಾಮದ ಬಳಿಕ ನಿವಾಸಿಗಳ ಸಂಖ್ಯೆ ಸಾವಿರವನ್ನು ಮೀರಿತು. ಬಾವಿಗಳು, ದನಕರು, ಮಗ್ಗ, ಗಾಣ, ಅಚ್ಚುಕೂಟ, ಕುರುಡ ಮಕ್ಕಳಿಗೆ ಬ್ರೇಲ್ ಲಿಪಿಯ ಪಾಠ, ಹೊರಗಿನ ಲೋಕವು ಪತಿತೆಯರೆಂದು ತಳ್ಳಿದವರಿಗಾಗಿ ಕೃಪಾಸದನ. ಊಟವು ಶಾಕಾಹಾರ, ಉಡಿಗೆ ಸೀರೆ. ಹಾಳಾದ ಮನಸ್ಸಿಗೆ ಮೊದಲ ಔಷಧವು ಹೊತ್ತುಹೊತ್ತಿನ ಊಟ, ಎರಡನೆಯದು ಕೈಗೆ ಬರುವ ಕಸಬು ಎಂದು ಅವರು ನಂಬಿದ್ದರೆಂಬುದು ಈ ಏರ್ಪಾಡುಗಳಿಂದಲೇ ವ್ಯಕ್ತಪಡುವುದು; ಬರಹದಲ್ಲಿಯೂ ಅವರು ಇವುಗಳನ್ನು ಆತ್ಮದ ವಿಷಯಕ್ಕಿಂತ ಕೀಳೆಂದು ಎಣಿಸಿಲ್ಲ.

ಹೀಗೆಂದು ರಮಾಬಾಯಿಯವರನ್ನು ದೋಷಾತೀತರೆನ್ನಲಾಗದು. ೧೯೦೫ರಲ್ಲಿ ಮುಕ್ತಿಯಲ್ಲಿ ದೊಡ್ಡದೊಂದು ಧರ್ಮೋತ್ಸಾಹವು ಉಕ್ಕಿತು; ಹುಡುಗಿಯರು ಗುಂಪುಗುಂಪಾಗಿ ಅಳುತ್ತ, ಕೂಗುತ್ತ, ಹಗಲಿರುಳು ಪ್ರಾರ್ಥಿಸಿದರೆಂದು ವೃತ್ತಾಂತಗಳಿವೆ. ಆ ಬಳಿಕ, ೧೯೦೭ರಲ್ಲಿ, ಅವರು ಬರೆದ ‘ಎ ಟೆಸ್ಟಿಮೊನಿ’ ಎಂಬ ಸಾಕ್ಷ್ಯವು ಎರಡು ಧ್ವನಿಗಳ ಪುಸ್ತಕ. ಮೊದಲರ್ಧದಲ್ಲಿ ಕಾಡು, ತಂದೆ, ತಾಯಿ ಹೇಳಿಕೊಟ್ಟ ಶ್ಲೋಕಗಳು, ಕ್ಷಾಮ, ಕಲ್ಕತ್ತ ಇವೆಲ್ಲವೂ ಕಣ್ಣಿಗೆ ಕಟ್ಟುವಂತಿವೆ. ಹೊಸ ಮತವನ್ನು ಹಿಡಿದ ಮಗಳು ಹಳೆಯ ಮತದ ತಂದೆಯನ್ನು ಇಷ್ಟು ಪ್ರೀತಿಯಿಂದ ಚಿತ್ರಿಸಿದ್ದು ಈ ಪ್ರಕಾರದಲ್ಲಿ ದುರ್ಲಭ. ಉತ್ತರಾರ್ಧದಲ್ಲಿ ಧರ್ಮಗ್ರಂಥದ ಮಾತುಗಳೇ ತುಂಬಿಕೊಂಡು ಮನುಷ್ಯರು ಹಿಂದೆ ಸರಿಯುವರು. ಮಧ್ಯಪ್ರಾಂತಗಳಿಂದ ಒಬ್ಬೊಬ್ಬಳಾಗಿ ಬಂದ ಹುಡುಗಿಯರು ಇಲ್ಲಿ ಒಂದೇ ಸಮುದಾಯ, ಒಂದೇ ಅಳು. ಡೋನಾವೂರಿನಲ್ಲಿ ಹೂವು ಮಾಡಿದ ಕೆಲಸವನ್ನು ಇಲ್ಲಿ ಗುಂಪು ಮಾಡಿದೆ.

ಇದಕ್ಕಿಂತಲೂ ಗಹನವಾದ ತೊಡಕು ಅವರ ಪತ್ರಗಳಲ್ಲಿದೆ. ೧೯೭೭ರಲ್ಲಿ ಎ. ಬಿ. ಶಹಾ ಅವರ ಸಂಪಾದಕತ್ವದಲ್ಲಿ ಈ ಪತ್ರವ್ಯವಹಾರವು ಪುಸ್ತಕವಾಗಿ ಬಂದಿತು. ಇಂಗ್ಲೆಂಡಿನಲ್ಲಿ ೧೮೮೩ರಲ್ಲಿ ದೀಕ್ಷಾಸ್ನಾನವನ್ನು ಪಡೆದ ಮೇಲೆ, ತಮಗೆ ತಾಯಿಯಂತಿದ್ದ ಸಂನ್ಯಾಸಿನಿ ಜೆರಾಲ್ಡೀನರೊಡನೆ ರಮಾಬಾಯಿಯವರು ಬಹುದಿನ ವಾದಿಸಿದರು. ವಾದದಲ್ಲಿ ಒಂದು ಮುಖ್ಯ ವಿಷಯವು ಪುಟ್ಟ ಮನೋರಮೆ. ಮಗಳಿಗೆ ಯಾವ ತತ್ತ್ವವನ್ನು ಬೋಧಿಸಬೇಕು, ಯಾವುದನ್ನು ಬೋಧಿಸಬಾರದು ಎಂಬುದನ್ನು ನಿರ್ಣಯಿಸುವ ಅಧಿಕಾರವು ತಾಯಿಯಾದ ತನಗೆ ಸೇರಿದ್ದು, ಮಠಕ್ಕಾಗಲಿ ಗುರುಗಳಿಗಾಗಲಿ ಸೇರಿದ್ದಲ್ಲವೆಂದು ಅವರು ಎದೆಗುಂದದೆ ಬರೆದರು. ಅವರ ಗದ್ಯವು ಎಲ್ಲಿಯಾದರೂ ಕತ್ತಿಯಂತೆ ಹೊಳೆದಿದ್ದರೆ ಈ ಪತ್ರಗಳಲ್ಲಿ. ಆದರೆ ೧೮೯೩ರಲ್ಲಿ ಶಾರದಾಸದನದ ಹುಡುಗಿಯರು ಅವರ ಪ್ರಾರ್ಥನೆಗೆ ಹೋಗುತ್ತಿರುವರೆಂದು ಪೋಷಕರು ತಕರಾರೆತ್ತಿದಾಗ, ರಾನಡೆ, ಭಾಂಡಾರಕರರಂತಹ ಮಿತ್ರರೇ ಸಲಹಾಮಂಡಲಿಯನ್ನು ಬಿಟ್ಟುಹೋದಾಗ, ರಮಾಬಾಯಿಯವರ ಉತ್ತರವು ಬೇರೆಯಾಗಿತ್ತು: ತಾನು ಯಾರನ್ನೂ ಕರೆಯುವುದಿಲ್ಲ, ಆದರೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚಿಕೊಳ್ಳುವುದೂ ಇಲ್ಲ. ಪ್ರಾಮಾಣಿಕವಾದ ಉತ್ತರವೇ ಹೌದು. ಆದರೂ ತನ್ನ ಮಗಳ ವಿಷಯದಲ್ಲಿ ತಾನು ಕೇಳಿದ ಅಧಿಕಾರವನ್ನು ಆ ಹುಡುಗಿಯರ ತಾಯಂದಿರು ಕೇಳಿದ್ದರೆ ಏನು ಹೇಳಬೇಕಾಗಿತ್ತು? ಆ ಹುಡುಗಿಯರಲ್ಲಿ ಅನೇಕರು ಬಾಲವಿಧವೆಯರು. ಅವರ ಮೇಲೆ ಅಧಿಕಾರ ನಡೆಯಿಸುತ್ತಿದ್ದ ಮನೆಗಳು ಅವರನ್ನು ಹೇಗೆ ಇರಿಸಿಕೊಂಡಿದ್ದುವೆಂಬುದೂ ತಿಳಿದದ್ದೇ. ಎರಡು ಪಕ್ಷಕ್ಕೂ ಬಲವಿದೆ. ಈ ಎರಡು ಬರ್ಹಗಳನ್ನು ಎದುರುಬದುರಾಗಿ ಇಟ್ಟು ಓದದೆ ಯಾವ ಪಕ್ಷವೂ ತೀರ್ಪು ಹೇಳಲಾಗದು; ಹಾಗೆ ಓದಿದ ಮೇಲೆ ತೀರ್ಪು ಅಷ್ಟು ಬೇಗ ನಾಲಗೆಗೆ ಬರುವುದೂ ಇಲ್ಲ. ಉಮಾ ಚಕ್ರವರ್ತಿಯವರ ೧೯೯೮ರ ಗ್ರಂಥವೂ, ಮೀರಾ ಕೋಸಂಬಿಯವರು ೨೦೦೦ದಲ್ಲಿ ಪ್ರಕಟಿಸಿದ ಆಯ್ದ ಬರಹಗಳ ಸಂಪುಟವೂ ಇಂತಹ ಓದಿಗೆ ಬಹಳ ಉಪಕಾರಮಾಡಿವೆ.

ರಮಾಬಾಯಿಯವರ ಕೊನೆಯ ದೊಡ್ಡ ಕೆಲಸವು ಬೈಬಲ್ಲಿನ ಮರಾಠೀ ಭಾಷಾಂತರ. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ವರ್ಷಗಟ್ಟಲೆ ದುಡಿದು, ೧೯೨೨ರ ಏಪ್ರಿಲಿನಲ್ಲಿ ದೇಹಬಿಡುವ ಮುನ್ನ ಅದನ್ನು ಮುಗಿಸಿದರು. ೧೯೨೪ರಲ್ಲಿ ಅದು ಹೊರಬಂದಿತು. ಸಂಸ್ಕೃತದಲ್ಲಿ ಕಲ್ಕತ್ತೆಯ ಪಂಡಿತರಿಂದ ‘ಸರಸ್ವತೀ’ ಬಿರುದನ್ನು ಪಡೆದವರು, ಓದು ಕಡಮೆಯಿರುವ ಹಳ್ಳಿಯ ಹೆಂಗಸರಿಗೆ ತಿಳಿಯಬೇಕೆಂದು ಬೇಕೆಂದೇ ಸಂಸ್ಕೃತಪದಗಳನ್ನು ಬಿಟ್ಟು ಬರೆದರು. ಸೊಬಗಿಗಾಗಿ ಅದನ್ನು ಯಾರೂ ಓದಲಾರರು. ಆದರೆ ಅದರ ಮೊಳೆಗಳನ್ನು ಜೋಡಿಸಿ ಅಚ್ಚುಹಾಕಿದವರು ಮುಕ್ತಿಯ ಹೆಣ್ಣುಮಕ್ಕಳೇ; ಬರಗಾಲದಿಂದ ಬಂದ ಕೈಗಳು ಅಕ್ಷರವನ್ನು ಹಿಡಿದ ಪುಸ್ತಕವೆಂಬ ಕಾರಣದಿಂದ ಅದು ನಮ್ಮ ಪ್ರಶ್ನೆಗೆ ಸಂಬಂಧಪಟ್ಟಿದೆ.

ಕನ್ನಡದಲ್ಲಿ ಇದೇ ಕಾಲಕ್ಕೆ, ೧೮೯೯ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದಿತು. ಮನೆಬಿಟ್ಟು ಹೊರಟ ಬಾಲವಿಧವೆಯ ಕಥೆಯಿದು; ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಆದರೆ ಇಂದಿರೆಯು ಆಶ್ರಯಕ್ಕೆ ಹೋಗುವುದು ಮಿಶನ್ನಿಗಲ್ಲ, ಅಮೃತರಾಯನೆಂಬ ಸುಧಾರಕನ ಮನೆಗೆ. ಕಾದಂಬರಿಯಾದುದರಿಂದ ಅವಳಿಗೆ ಮಾತಿದೆ, ಕೋಪವಿದೆ, ಹಟವಿದೆ. ಕಲ್ಪಿತಳಾದ ಇಂದಿರೆಗೆ ದೊರೆತ ಈ ಭಾಗ್ಯವು ಕೇಡಗಾಂವ, ಡೋನಾವೂರುಗಳ ನಿಜವಾದ ಹುಡುಗಿಯರಲ್ಲಿ ಹೆಚ್ಚಿನವರಿಗೆ ದೊರೆಯಲಿಲ್ಲ. ರಮಾಬಾಯಿಯವರ ಕೆಲಸವು ಕನ್ನಡ ಸೀಮೆಗೆ ಒಮ್ಮೆ ಮರಳಿ ಬಂದದ್ದೂ ಉಂಟು: ೧೯೧೨–೧೩ರ ಸುಮಾರಿಗೆ ಮನೋರಮೆಯ ನೆರವಿನಿಂದ, ಆಗ ನಿಜಾಮರ ಸಂಸ್ಥಾನದಲ್ಲಿದ್ದ ಗುಲಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಅವರು ಒಂದು ಶಾಲೆಯನ್ನು ತೆರೆದರು. ಮನೋರಮೆಯು ೧೯೨೧ರಲ್ಲಿ, ತಾಯಿಗೆ ಮೊದಲೇ, ತೀರಿಕೊಂಡಳು.

ಈ ಬರಹಗಳಿಂದ ಆಯ್ದು ಕನ್ನಡದಲ್ಲಿ ಒಂದು ಸಂಪುಟವನ್ನು ಮಾಡುವವರಿದ್ದರೆ ನಮ್ಮ ಸೂಚನೆ ಇಷ್ಟು. ಮೊದಲು ಕ್ಷಾಮದ ಅನುಭವಗಳು ಪೂರ್ತಿಯಾಗಿ ಬರಲಿ. ಆಮೇಲೆ ಮನೋರಮೆಯ ವಿಷಯದ ಪತ್ರಗಳು. ಅವುಗಳ ಎದುರಿಗೆ ೧೮೯೩ರ ವಿವಾದದ ಕಾಗದಗಳು, ಎರಡು ಪಕ್ಷದವೂ. ೧೯೦೭ರ ಸಾಕ್ಷ್ಯದಿಂದ ಮೊದಲರ್ಧ ಸಾಕು. ಕಾರ್ಮೈಕೆಲರ ಪುಸ್ತಕಗಳಲ್ಲಿ ಪ್ರೀಣೆಯ ಭಾಗವನ್ನೂ ‘ಮಿಮೋಸಾ’ವನ್ನೂ ಸೇರಿಸಬೇಕು, ‘ಲೋಟಸ್ ಬಡ್ಸ್’ ಬಿಟ್ಟರೆ ನಷ್ಟವಿಲ್ಲ. ಅದಲ್ಲದೆ ಮುಕ್ತಿಯಿಂದ ಹೊರಡುತ್ತಿದ್ದ ‘ಮುಕ್ತಿ ಪ್ರೇಯರ್ ಬೆಲ್’ ಎಂಬ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಯಾರಾದರೂ ತಾಳ್ಮೆಯಿಂದ ಶೋಧಿಸಿ, ಅಲ್ಲಿಯ ಹುಡುಗಿಯರು ತಾವೇ ಹೇಳಿದ ಅಥವಾ ಬರೆದ ಮಾತುಗಳೆಷ್ಟಿವೆಯೆಂದು ಎಣಿಸಿ ತೆಗೆಯಬೇಕು. ನಾಲ್ಕೇ ಪುಟಗಳಾದರೂ ಅವನ್ನು ಸಂಪುಟದ ಆರಂಭದಲ್ಲಿಡಲಿ.